ಊರಿಗೆಲ್ಲ ಒಂದೇ ದವಡೆ

ಮೇಷ್ಟ್ರು ಯಾವ ಕೋಣೆಗೆ ಕಾಲಿಟ್ಟರೂ ಮೊದಲು ಒಳಗೆ ಬರುತ್ತಿದ್ದುದು ಅವರ ಕೆಳದವಡೆ. ಅದರ ಹಿಂದೆ ಮೂಗು, ಮೂಗಿನ ಹಿಂದೆ ಕನ್ನಡಕ, ಕನ್ನಡಕದ ಹಿಂದೆ ಮೇಷ್ಟ್ರು. ಸಾಮಾನ್ಯ ಜನ ಬಾಯಿ ಮುಚ್ಚಿದಾಗ ಮೇಲಿನ ಹಲ್ಲಿನ ಸಾಲು ಕೆಳಗಿನ ಸಾಲಿನ ಮುಂದೆ ಸೂರಿನಂತೆ ಇಳಿದು ಕೂರುತ್ತದೆ. ಮೇಷ್ಟ್ರ ಬಾಯಲ್ಲಿ ಮಾತ್ರ ಕೆಳಗಿನ ಸಾಲು ಮುಂದೆ ಬಂದು, ಮೇಲಿನದ್ದನ್ನು ಒಳಮನೆಗೆ ತಳ್ಳಿ, ತಾನೇ ಜಗಲಿಯಲ್ಲಿ ಕೂತುಬಿಟ್ಟಿತ್ತು. ಶಿಷ್ಯರು ಬೆನ್ನ ಹಿಂದೆ ಅವರನ್ನು ‘ಡ್ರಾಯರ್ ಮೇಷ್ಟ್ರು’ ಎನ್ನುತ್ತಿದ್ದರು. ಮೇಜಿನ ಡ್ರಾಯರನ್ನು ಯಾರೋ ಎಳೆದು, ತಳ್ಳುವುದನ್ನು ಮರೆತ ಹಾಗೆ. ಈ ಹೆಸರು ಮೇಷ್ಟ್ರ ಕಿವಿಗೂ ಬಿದ್ದಿತ್ತು. ಒಳಗೆ ಬೇಕಾದಷ್ಟು ಸರಕು ಇರುವುದರಿಂದ ಹಾಗೆ ಕರೆಯುತ್ತಾರೆಂದು ಅವರು ತಿಳಿದುಕೊಂಡು, ಮನಸ್ಸಿನಲ್ಲೇ ಮೀಸೆ ತಿರುವಿದ್ದರು.

ಅವರು ಕಲಿಸುತ್ತಿದ್ದುದು ಅರಬ್ಬಿ ಮಾತು. ಲಾಂಡ್ರಿ ಅಂಗಡಿಯ ಮಹಡಿಯ ಮೇಲೆ ಒಂದು ಉದ್ದನೆಯ ಕೋಣೆ. ಕೆಳಗಿನಿಂದ ಏರಿ ಬರುವ ಇಸ್ತ್ರಿಯ ಹಬೆಗೆ ಬೋರ್ಡು ಸದಾ ಬೆವರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬರೆದದ್ದೆಲ್ಲ ಕೆಳಗೆ ಜಾರಿ ಮೂಲೆ ಸೇರುತ್ತಿತ್ತು. ಬೆಂಚಿನ ಮೇಲೆ ನರ್ಸುಗಳು, ಹೋಟೆಲಿನ ಕೌಂಟರಿನವರು, ಲಿಫ್ಟ್ ರಿಪೇರಿಯವನು, ಟ್ಯಾಕ್ಸಿಯವರು. ಅರಬ್ಬಿ ಬಂದರೆ ಕೆಲಸದಲ್ಲಿ ಒಂದು ಮೆಟ್ಟಿಲು ಮೇಲೆ ಎಂಬ ಆಸೆಯಿಂದ ಬಂದ ಜನ. ಆ ಊರಿನಲ್ಲಿ ಅರಬ್ಬಿ ಕಲಿಯಬೇಕೆಂದರೆ ಲಾಂಡ್ರಿಯ ಮಹಡಿ ಹತ್ತಲೇಬೇಕಿತ್ತು. ಬೇರೆ ಮಹಡಿ ಇರಲಿಲ್ಲ.

ಮೇಷ್ಟ್ರಿಗೆ ಅರಬ್ಬಿ ಬಂದದ್ದು ಕ್ಯಾಸೆಟ್ಟಿನಿಂದ. ವಯಸ್ಸಿನಲ್ಲಿ ಹಡಗು ಕಂಪನಿಯೊಂದರಲ್ಲಿ ಗುಮಾಸ್ತರಾಗಿದ್ದಾಗ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಟೇಪು ಸವೆದು ಕೀರಲು ಶುರುವಾಗುವವರೆಗೂ ಕೇಳಿದರು. ಕೇಳಿದ್ದು ಸರಿಯಾಗಿಯೇ ಕೇಳಿದರು. ಆದರೆ ಕ್ಯಾಸೆಟ್ಟಿಗೆ ಬಾಯಿ ಇರುವುದಿಲ್ಲವಲ್ಲ; ದನಿಯನ್ನು ತಮ್ಮ ದವಡೆಗೆ ಒಗ್ಗಿದ ಹಾಗೆ ಹೊಲಿಸಿಕೊಂಡರು. ಬೇರೊಬ್ಬರ ಅಳತೆಯ ಅಂಗಿ ಹಾಕಿಕೊಂಡವನಿಗೆ ಕನ್ನಡಿ ಸಿಗದಿದ್ದರೆ ಅದು ಸರಿಯಾಗಿಯೇ ಇರುತ್ತದೆ. ತನ್ನ ಬೆನ್ನು ತನಗೆ ಕಾಣದು ಎನ್ನುವಂತೆ ತನ್ನ ದನಿಯೂ ತನಗೆ ಕೇಳದು.

“ಅರಬ್ಬಿಯಲ್ಲಿ ಸ್ವರ ಎಷ್ಟು?” ಎಂಬುದು ಮೊದಲ ದಿನದ ಪ್ರಶ್ನೆ. ಯಾರಾದರೂ ಹದಿಮೂರು, ಹದಿನಾಲ್ಕು ಎನ್ನುತ್ತಿದ್ದರು. ಮೇಷ್ಟ್ರು ನಗುತ್ತಿದ್ದರು.

“ಮೂರು! ಆ, ಈ, ಊ. ಮೂರೇ ಮೂರು. ಉದ್ದಕ್ಕೆ ಎಳೀಬಹುದು, ಗಿಡ್ಡ ಮಾಡಬಹುದು, ಅಷ್ಟೇ. ನಮ್ಮಲ್ಲಿ ಸ್ವರ ದಂಡಿಯಾಗಿವೆ, ಒಂದು ಕೈ ಕೊಟ್ರೆ ಇನ್ನೊಂದು ನಡೆಸಿಕೊಡುತ್ತೆ. ಅಲ್ಲಿ ಒಂದು ಕೆಟ್ರೆ ಮೂರನೇ ಒಂದು ಭಾಗ ಮುಳುಗಿತು. ಆದ್ದರಿಂದ ಪುಸ್ತಕ ಮುಚ್ಚಿ. ನನ್ನ ಬಾಯಿ ನೋಡಿ!”

ಶಿಷ್ಯರು ನೋಡುತ್ತಿದ್ದರು. ನೋಡದೆ ಇರಲು ಸಾಧ್ಯವೂ ಇರಲಿಲ್ಲ.

ಮನೆಯಲ್ಲಿ ಮಾತ್ರ ಮೇಷ್ಟ್ರ ಬಾಯಿಯನ್ನು ಯಾರೂ ಅಷ್ಟೊಂದು ಶ್ರದ್ಧೆಯಿಂದ ನೋಡುತ್ತಿರಲಿಲ್ಲ. ಹೆಂಡತಿಯ ತವರಿನಲ್ಲಿ ಅರಬ್ಬಿ ಮನೆಮಾತು. ಆಕೆಯ ತಾಯಿ ಆ ಭಾಷೆಯಲ್ಲೇ ಮಕ್ಕಳನ್ನು ಬೈದು ಬೆಳೆಸಿದ್ದಳು. ಅಂಥ ಮನೆಯ ಹುಡುಗಿಯನ್ನು ಮೇಷ್ಟ್ರು ಮದುವೆಯಾದದ್ದೇ ಭಾಷೆಯ ಮೇಲಿನ ಪ್ರೀತಿಯಿಂದ ಎಂದು ಜನ ತಿಳಿದಿದ್ದರು. ಮದುವೆಯಾದ ವಾರದೊಳಗೆ ಮೇಷ್ಟ್ರು ಹೆಂಡತಿಯ ‘ಈ’ ಸ್ವರದಲ್ಲಿ ದೋಷ ಕಂಡುಹಿಡಿದರು.

“ತೀರಾ ತೆಳ್ಳಗಿದೆ ಕಣೇ ನಿಂದು. ಅಡುಗೆಮನೆ ಅರಬ್ಬಿ. ಸ್ವಲ್ಪ ತೂಕ ಇರಬೇಕು.”

“ತೂಕ ನಿಮ್ಮ ಹತ್ತಿರಾನೇ ಇರಲಿ ಬಿಡಿ,” ಎಂದ ಆಕೆ ಅಂದಿನಿಂದ ಗಂಡನ ಎದುರು ಅರಬ್ಬಿಯಲ್ಲಿ ತುಟಿ ಎರಡು ಮಾಡಿದವಳಲ್ಲ. ಅಣ್ಣನೊಂದಿಗೆ, ತಾಯಿಯೊಂದಿಗೆ ಫೋನಿನಲ್ಲಿ ಗಂಟೆಗಟ್ಟಲೆ ಮಾತು. ಮೇಷ್ಟ್ರು ಬಾಗಿಲು ತೆರೆದರೆ ಥಟ್ಟನೆ ಭಾಷೆ ಬದಲು.

ಹೆಂಡತಿಯ ಅಣ್ಣ ಸೋಫಾ ರಿಪೇರಿಯವನು. ವಯಸ್ಸಿನಲ್ಲಿ ಮೇಷ್ಟ್ರಿಗಿಂತ ಒಂದೆರಡು ವರ್ಷ ಚಿಕ್ಕವನಾದ್ದರಿಂದ ಅವರನ್ನು ‘ಭಾವ’ ಎಂದು ಕರೆಯುತ್ತಿದ್ದ, ಕರೆಯುತ್ತಿದ್ದ ಕಾಲದಲ್ಲಿ. ಅವನ ಮಗಳ ಮದುವೆಯ ಔತಣದಲ್ಲಿ, ಬೀಗರ ಮುಂದೆ, ಅವನು ಎದ್ದು ನಿಂತು ತಾಯ್ನುಡಿಯಲ್ಲಿ ನಾಲ್ಕು ಮಾತು ಹರಸಲು ಶುರುಮಾಡಿದ. ಜೀವಮಾನದಲ್ಲಿ ನಾಲ್ಕು ಜನರೆದುರು ಮಾತಾಡಿದವನಲ್ಲ. ಮೂರನೇ ಮಾತಿಗೆ ಮೇಷ್ಟ್ರು ಕೂತಲ್ಲಿಂದಲೇ ಬೆರಳೆತ್ತಿದರು.

“ಒಂದು ನಿಮಿಷ. ‘ಈ’ ಸರಿಯಾಗಿ ಬರಲಿಲ್ಲ. ಇನ್ನೊಂದು ಸಲ ಹೇಳು. ನನ್ನ ಬಾಯಿ ನೋಡು.”

ಬೀಗರು ನಕ್ಕರು. ಬೀಗರ ಮಕ್ಕಳು ಇನ್ನೂ ಜೋರಾಗಿ ನಕ್ಕರು. ಸೋಫಾದವನು ನಾಲ್ಕನೇ ಮಾತು ಆಡದೆ ಕೂತುಬಿಟ್ಟ. ಅಂದಿನಿಂದ ಅವನ ಮನೆಯ ಬಾಗಿಲು ಮೇಷ್ಟ್ರಿಗೆ ಮುಚ್ಚಿತು. ಮೇಷ್ಟ್ರು ಇದನ್ನು ‘ವಿದ್ಯೆ ಅಂದರೆ ಅಲರ್ಜಿ ಅವರಿಗೆ’ ಎಂದು ವಿವರಿಸುತ್ತಿದ್ದರು.

ಇಂಥ ಅಪ್ಪನಿಗೂ ಇಂಥ ಅಮ್ಮನಿಗೂ ಹುಟ್ಟಿದ ಮಗಳು ಭಾಷೆಗಳ ಗೊಡವೆಯೇ ಬೇಡವೆಂದು ಹಲ್ಲಿನ ಡಾಕ್ಟರಾದಳು. ಸೊಟ್ಟ ಹಲ್ಲಿಗೆ ತಂತಿ ಹಾಕಿ ಸರಿಮಾಡುವ ವಿಭಾಗದಲ್ಲಿ ಮೇಲಿನ ಓದು ಓದುತ್ತಿದ್ದಳು. ಥೀಸಿಸ್ ಬರೆಯುವ ಕಾಲ ಬಂತು. ಅವಳ ಗೈಡ್ ಪ್ರೊಫೆಸರರು ತುಟಿ ಬಿಚ್ಚದೆ ಮಾತಾಡುವ ಮನುಷ್ಯ. ಅವರೇ ವಿಷಯ ಸೂಚಿಸಿದರು: ದವಡೆ, ಹಲ್ಲು ಸರಿಯಾಗಿ ಕೂಡದವರ ಅರಬ್ಬಿ ಸ್ವರಗಳು ಸರಿಯಾಗಿ ಕೂಡುವವರ ಸ್ವರಗಳಿಗಿಂತ ಹೇಗೆ ಬೇರೆ? ಎರಡು ಗುಂಪು ಮಾಡಬೇಕು. ಸೊಟ್ಟ ಗುಂಪು, ನೆಟ್ಟ ಗುಂಪು. ಎರಡೂ ಗುಂಪಿನವರಿಂದ ಆ, ಈ, ಊ ಹೇಳಿಸಿ, ಕಂಪ್ಯೂಟರಿನಲ್ಲಿ ದನಿ ಅಳೆದು, ವ್ಯತ್ಯಾಸ ತೋರಿಸಬೇಕು. ತೋರಿಸಿದರೆ ಡಿಗ್ರಿ. ತೋರಿಸದಿದ್ದರೆ ಇನ್ನೊಂದು ವಿಷಯ, ಇನ್ನೊಂದು ವರ್ಷ.

ಮಗಳು ಮನೆಗೆ ಬಂದು ಹೇಳಿದಾಗ ಮೇಷ್ಟ್ರಿಗಾದ ಸಂತೋಷಕ್ಕೆ ಪಾರವಿರಲಿಲ್ಲ.

“ಕೊನೆಗೂ ಬುದ್ಧಿ ಬಂತು ನಿಮ್ಮ ಕಾಲೇಜಿಗೆ! ಯಾರನ್ನ ಹುಡುಕ್ತೀಯ? ಮೊದಲು ನನ್ನ ದನಿ ತಗೋ. ಅದನ್ನ ಅಳತೆಗೋಲು ಅಂತ ಇಟ್ಟುಕೋ. ಮಿಕ್ಕವರನ್ನ ಅದರ ಪಕ್ಕ ನಿಲ್ಲಿಸಿ ನೋಡು, ಯಾರು ಎಷ್ಟು ಸೊಟ್ಟ ಅಂತ ತಾನೇ ಗೊತ್ತಾಗುತ್ತೆ.”

ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ಗೋಡೆಯ ಗಡಿಯಾರ ನೋಡಿದಳು.

“ಆಯ್ತಪ್ಪ, ಬಾ,” ಎಂದಳು ಮಗಳು.

ಆಸ್ಪತ್ರೆಯ ಕೊನೆಯ ಮಹಡಿಯಲ್ಲಿ ಗೋಡೆಗೆಲ್ಲ ಸ್ಪಂಜು ಬಡಿದ ಗೂಡಿನಂಥ ಕೋಣೆ. ಮೇಷ್ಟ್ರು ಹೊಸ ಶರ್ಟು ಹಾಕಿಕೊಂಡು, ಮೈಕಿನ ಮುಂದೆ ಕೂತು, ಎರಡು ಸಲ ಕೆಮ್ಮಿ, ಅರಬ್ಬಿ ಭಾಷೆಯ ಮಹಿಮೆಯ ಬಗ್ಗೆ ಸಣ್ಣದೊಂದು ಭಾಷಣ ಮಾಡಿದರು. ಅದು ಬೇಡವಾಗಿತ್ತು. ಆಮೇಲೆ ಬೇಕಾದದ್ದನ್ನು ಹೇಳಿದರು. ಪಕ್ಕದಿಂದ ಒಂದು ಕ್ಯಾಮೆರಾ ಅವರ ಮುಖವನ್ನು ಹಿಡಿಯುತ್ತಿತ್ತು. ಅದು ತಮ್ಮ ಗೌರವಾರ್ಥ ಎಂದು ಮೇಷ್ಟ್ರು ಅದರತ್ತಲೂ ಒಮ್ಮೆ ತಿರುಗಿ ನಕ್ಕರು.

“ಅಪ್ಪಾ, ಈ ಕಡೆ ನೋಡಬೇಡ.”

“ಇರಲಿ ಬಿಡು. ಮುಂದಿನವರಿಗೆ ನೋಡೋಕಾಗುತ್ತೆ.”

ಸೊಟ್ಟ ಗುಂಪಿಗೆ ತಂತಿ ಹಾಕಿಸಿಕೊಳ್ಳಲು ಬಂದ ರೋಗಿಗಳು ಸಿಕ್ಕರು. ನೆಟ್ಟ ಗುಂಪಿಗೆ ಒಳ್ಳೆಯ ಹಲ್ಲಿನ, ಅರಬ್ಬಿ ಬರುವ ಜನ ಬೇಕಿತ್ತು. ಮೇಷ್ಟ್ರು ಎದೆ ತಟ್ಟಿಕೊಂಡರು. ಕ್ಲಾಸಿನ ಶಿಷ್ಯರಲ್ಲದೆ, ಹಿಂದೆ ಕಲಿತು ಹೋದವರನ್ನೂ ಫೋನು ಮಾಡಿ ಎಳೆತಂದರು. ಮಗಳು ಒಬ್ಬೊಬ್ಬರ ಬಾಯಿಗೂ ಕನ್ನಡಿ ತೂರಿಸಿ ಪರೀಕ್ಷಿಸಿದಳು. ಮುತ್ತು ಪೋಣಿಸಿದಂಥ ಹಲ್ಲುಗಳು. ಮೇಲಿನದು ಕೆಳಗಿನದರ ಮೇಲೆ ಪೆಟ್ಟಿಗೆಗೆ ಮುಚ್ಚಳ ಕೂತಂತೆ ಕೂರುತ್ತಿತ್ತು. ಎಲ್ಲರೂ ಸ್ಪಂಜಿನ ಗೂಡಿಗೆ ಹೋದರು, ಸ್ವರ ಹೇಳಿದರು, ಬಂದರು. ಮಗಳು ಕಂಪ್ಯೂಟರಿನ ಮುಂದೆ ಕೂತಳು.

ವ್ಯತ್ಯಾಸ ಇರಲಿಲ್ಲ.

ಸ್ವಲ್ಪವೂ ಇರಲಿಲ್ಲ. ಒಳ್ಳೆಯ ಬಾಯಿಯವರು ಆ, ಈ, ಊ ಹೇಳಿದರೆ ಪರದೆಯ ಮೇಲೆ ಮೂರು ಮೂಲೆ ಚೂಪಾದ ತ್ರಿಕೋನ ಮೂಡಬೇಕು. ಕೆಳದವಡೆ ಮುಂದೆ ಬಂದವರಲ್ಲಿ ನಾಲಿಗೆ ತಗ್ಗಿನಲ್ಲಿ ಬಿದ್ದುಕೊಂಡಿರುತ್ತದೆ. ‘ಈ’ ಹೇಳಲು ಅಂಗುಳದ ಹತ್ತಿರ ಏರಬೇಕಾದದ್ದು ಅರ್ಧ ದಾರಿಯಲ್ಲೇ ಸುಸ್ತಾಗಿ ‘ಏ’ ಕಡೆಗೆ ಜಾರುತ್ತದೆ. ತ್ರಿಕೋನ ಯಾರೋ ಮೇಲೆ ಕೂತು ಎದ್ದ ಟೋಪಿಯಂತಾಗುತ್ತದೆ. ಸೊಟ್ಟ ಗುಂಪಿನ ಟೋಪಿ ಅವಳು ಎಣಿಸಿದಂತೆಯೇ ಚಪ್ಪಟೆಯಾಗಿತ್ತು. ಆದರೆ ನೆಟ್ಟ ಗುಂಪಿನದೂ ಅಷ್ಟೇ ಚಪ್ಪಟೆ!

ಗೈಡು ಪರದೆ ನೋಡಿ, ತುಟಿ ಬಿಚ್ಚದೆ ಹೇಳಿದರು: “ಹಾಗಾದರೆ ನಾವು ಮೂವತ್ತು ವರ್ಷದಿಂದ ಜನರ ಬಾಯಿಗೆ ತಂತಿ ಹಾಕ್ತಿರೋದು ಅಲಂಕಾರಕ್ಕೇನಮ್ಮ? ಇನ್ನೊಂದು ಸಲ ನೋಡಿ. ಈ ತಿಂಗಳು ಮುಗಿಯೋದ್ರಲ್ಲಿ ಸರಿಯಾದ ಗುಂಪು ಬರದಿದ್ರೆ, ಮುಂದಿನ ವರ್ಷ ಸಿಗೋಣ.”

ಮಗಳು ಮತ್ತೆ ನೋಡಿದಳು. ದನಿಯಲ್ಲಿ ತಪ್ಪು ಕಾಣದೆ, ಕೊನೆಗೆ ಕ್ಯಾಮೆರಾದ ವೀಡಿಯೋ ಹಾಕಿಕೊಂಡಳು. ಮೊದಲನೆಯವಳು ಒಬ್ಬ ನರ್ಸು. ಕೂತಳು, ಕೂದಲು ಸರಿಮಾಡಿಕೊಂಡಳು, ಮುದ್ದಾದ ಗಲ್ಲ. ಅರಬ್ಬಿ ಹೇಳುವ ಮುಂಚೆ ಒಂದು ಉಸಿರು ಎಳೆದು, ಕೆಳದವಡೆಯನ್ನು ಟಕ್ಕೆಂದು ಮುಂದಕ್ಕೆ ತಂದಳು. ಆ, ಈ, ಊ. ದವಡೆಯನ್ನು ಟಕ್ಕೆಂದು ಒಳಗೆ ತೆಗೆದುಕೊಂಡಳು. “ಆಯ್ತಾ ಡಾಕ್ಟ್ರೇ? ಬಸ್ಸಿಗೆ ಹೊತ್ತಾಯ್ತು,” ಎಂದಳು.

ಎರಡನೆಯವನು ಲಿಫ್ಟ್ ರಿಪೇರಿಯವನು. ಉಸಿರು, ದವಡೆ ಹೊರಗೆ, ಸ್ವರ, ದವಡೆ ಒಳಗೆ. ಮೂರನೆಯವನು, ನಾಲ್ಕನೆಯವಳು. ಹೋಟೆಲಿನವನಂತೂ ಕೆಳತುಟಿಯನ್ನು ಕೂಡ ಸ್ವಲ್ಪ ಜೋತುಬಿಟ್ಟಿದ್ದ, ತಟ್ಟೆಯಲ್ಲಿ ಏನೋ ಬಡಿಸಿಕೊಳ್ಳುವವನ ಹಾಗೆ. ಇಪ್ಪತ್ತು ವರ್ಷದ ಹಿಂದೆ ಕಲಿತ ಟ್ಯಾಕ್ಸಿಯವನ ದವಡೆ ಎಲ್ಲರಿಗಿಂತ ಮುಂದೆ, ಅನುಭವಸ್ಥ.

ಮಗಳು ಮೊದಲು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಮೇಜಿನ ಮೇಲೆ ತಲೆ ಇಟ್ಟು ನಕ್ಕಳು. ಆಮೇಲೆ ತಿಂಗಳ ಕೊನೆ ನೆನಪಾಗಿ ಹಾಗೇ ಅತ್ತಳು. ನೆಟ್ಟ ಹಲ್ಲಿನ ಜನರನ್ನೆಲ್ಲ ಕೂರಿಸಿಕೊಂಡು, ಸೊಟ್ಟ ದವಡೆಯನ್ನು ಇಷ್ಟು ನಿಷ್ಠೆಯಿಂದ ಕಲಿಸಿದ ಊರು ಇನ್ನೊಂದಿರಲಿಕ್ಕಿಲ್ಲ.

ಸಂಜೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಅಪ್ಪನಿಗೆ ತೋರಿಸಿದಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ನೋಡಿದರು. ನೋಡುತ್ತ ನೋಡುತ್ತ ಅವರ ಕಣ್ಣು ತೇವವಾಯಿತು.

“ಎಷ್ಟು ಚೆನ್ನಾಗಿ ಕಲಿತಿದಾರೆ!” ಎಂದರು. “ಈ ಟ್ಯಾಕ್ಸಿಯವನು ನೋಡು, ಇಷ್ಟು ವರ್ಷ ಆದ್ರೂ ಮರೆತಿಲ್ಲ.”

“ಅಪ್ಪಾ, ಅವರ ದವಡೆ ನೋಡು.”

“ಅದನ್ನೇ ಹೇಳ್ತಿರೋದು. ಅರಬ್ಬಿ ದವಡೆ ಅದು.”

“ಅರಬ್ಬಿ ದವಡೆ ಅಂತ ಇಲ್ಲಪ್ಪ. ಅದು ನಿನ್ನ ದವಡೆ.”

ಮಗಳು ಮೇಷ್ಟ್ರದೇ ವೀಡಿಯೋ ಹಾಕಿದಳು. ಮೇಷ್ಟ್ರು ಜೀವಮಾನದಲ್ಲಿ ತಮ್ಮನ್ನು ನೋಡಿಕೊಂಡದ್ದೆಲ್ಲ ಎದುರಿನಿಂದ, ಕ್ಷೌರದ ಕನ್ನಡಿಯಲ್ಲಿ, ಅರ್ಧ ಮುಖ ನೊರೆಯಲ್ಲಿ ಮುಚ್ಚಿದಾಗ. ಪಕ್ಕದಿಂದ ನೋಡಿದ್ದು ಇದೇ ಮೊದಲು. ತಮ್ಮ ದನಿಯನ್ನು ಹೊರಗಿನಿಂದ ಕೇಳಿದ್ದೂ ಇದೇ ಮೊದಲು. ವೀಡಿಯೋ ಮುಗಿಯಿತು. ಇನ್ನೊಂದು ಸಲ ಹಾಕು ಎಂದು ಕೈಸನ್ನೆ ಮಾಡಿದರು. ಮುಗಿಯಿತು.

“ಮೈಕು ಸರಿ ಇಲ್ಲ,” ಎಂದರು.

“ಅಮ್ಮಾ, ನೀನು ಒಂದ್ಸಲ ಇಲ್ಲಿ ಬಂದು ಆ, ಈ, ಊ ಅನ್ನು,” ಎಂದಳು ಮಗಳು. ಅಮ್ಮ ಕೈ ಒರೆಸಿಕೊಂಡು ಬಂದು, ಗಂಡನ ಎದುರು ಎಷ್ಟೋ ವರ್ಷಗಳ ಮೇಲೆ, ಲ್ಯಾಪ್‌ಟಾಪಿಗೆ ಬಾಗಿ ಮೂರು ಸ್ವರ ಹೇಳಿದಳು. ಪರದೆಯ ಮೇಲೆ ತ್ರಿಕೋನ ಮೂಡಿತು. ಮೂರೂ ಮೂಲೆ ಚೂಪು. ಮುಟ್ಟಿದರೆ ಕೈ ಕೊಯ್ಯುವಂತಿತ್ತು.

“ಇದೇ ಮೈಕು,” ಎಂದಳು ಮಗಳು. “ಅಮ್ಮ, ಊರಿಗೆಲ್ಲ ಅಂಟಿದ್ದು ನಿಂಗೊಬ್ಬಳಿಗೆ ಅಂಟಲಿಲ್ವಲ್ಲ, ಹೇಗೆ?”

“ಅಂಟೋಕೆ ನಿಮ್ಮಪ್ಪ ಹೇಳಿದ್ದನ್ನ ಕಿವಿಗೆ ಹಾಕ್ಕೋಬೇಕಲ್ಲ ಪುಟ್ಟ,” ಎಂದು ಅಮ್ಮ ಒಳಗೆ ಹೋದಳು.

ಒಬ್ಬಳಿಂದ ಗುಂಪಾಗುವುದಿಲ್ಲ. ಒಳ್ಳೆಯ ಹಲ್ಲಿನ, ಮೇಷ್ಟ್ರ ಸೋಂಕು ತಾಗದ, ಅರಬ್ಬಿ ಬಲ್ಲ ಜನ ಊರಿನಲ್ಲಿ ಇದ್ದದ್ದು ಒಂದೇ ಕಡೆ: ಸೋಫಾದವನ ಮನೆ. ಅವನು, ಅವನ ಮಕ್ಕಳು, ಅಳಿಯಂದಿರು, ತಂಗಿಯರು, ಅವರ ಮಕ್ಕಳು. ಒಂದು ಗುಂಪಿಗೆ ಬೇಕಾದಷ್ಟು ಬಾಯಿ. ಮಗಳು ಮರುದಿನವೇ ಹೋದಳು. ಮಾವ ಹೊಟ್ಟೆ ತುಂಬ ಊಟ ಹಾಕಿಸಿದ. ಬರುವಾಗ ಹೇಳಿದ: “ನಿನ್ನ ಮೇಲೆ ನಂಗೇನೂ ಇಲ್ಲ ಕಣಮ್ಮ. ಆದ್ರೆ ಈ ಮನೇಲಿ ಯಾರೂ ಮೈಕಿನ ಮುಂದೆ ಅರಬ್ಬಿ ಮಾತಾಡಲ್ಲ. ಮಾತಾಡಿಸಬೇಕು ಅಂದ್ರೆ ನಿಮ್ಮಪ್ಪ ಬರಲಿ. ಬಾಯಿ ಮುಚ್ಚಿಸಿದವರೇ ಬಂದು ತೆಗೆಸಲಿ.”

ಮೇಷ್ಟ್ರು ಹೋಗಲು ಒಪ್ಪಲಿಲ್ಲ. “ಅಷ್ಟಕ್ಕೆಲ್ಲ ಅವನ ಹತ್ತಿರ ಯಾಕೆ? ಕಲಿಸಿದವನು ನಾನು, ಕಲಿಸಿದ್ದನ್ನ ಬಿಡಿಸೋದೂ ನಂಗೆ ಗೊತ್ತು. ಎರಡು ದಿನ ಕೊಡು, ನನ್ನ ಶಿಷ್ಯರನ್ನೇ ನೆಟ್ಟಗೆ ಮಾಡಿ ಕಳಿಸ್ತೀನಿ.”

ಮರುದಿನ ಕ್ಲಾಸಿನಲ್ಲಿ ಮೇಷ್ಟ್ರು ಘೋಷಿಸಿದರು: “ಇವತ್ತಿನಿಂದ ಹೊಸ ಪದ್ಧತಿ. ದವಡೆ ಒಳಗೆ ಇಟ್ಟುಕೊಂಡು ‘ಈ’ ಅನ್ನಿ.”

ಕ್ಲಾಸು ಗಾಬರಿಯಾಯಿತು. ನರ್ಸು ಕೈ ಎತ್ತಿದಳು. “ಸಾರ್, ಇದು ಮೇಲಿನ ಕೋರ್ಸಾ?”

“ಅಲ್ಲಮ್ಮ. ಇದೇ ಕೋರ್ಸು. ಒಳಗೆ ಎಳಕೋ.”

ಆಕೆ ಎಳೆದುಕೊಂಡಳು. ಎಷ್ಟು ಎಳೆದುಕೊಂಡಳೆಂದರೆ ಗಲ್ಲ ಕತ್ತಿನಲ್ಲಿ ಮುಳುಗಿ ಇಮ್ಮಡಿಯಾಯಿತು. ಬಾಯಿಯಿಂದ ಬಂದದ್ದು ಸ್ವರವಲ್ಲ, ತೇಗು. ಲಿಫ್ಟಿನವನು ಒಂದು ಕೈಯಿಂದ ಗಲ್ಲ ಒತ್ತಿಹಿಡಿದು ಹೇಳಲು ಹೋಗಿ ನಾಲಿಗೆ ಕಚ್ಚಿಕೊಂಡ.

“ಸಾರ್, ನೀವೊಂದ್ಸಲ ಮಾಡಿ ತೋರಿಸಿ,” ಎಂದ ಹೋಟೆಲಿನವನು, ಕಪಟವಿಲ್ಲದೆ.

ಎಲ್ಲರೂ ಮೇಷ್ಟ್ರ ಬಾಯಿ ನೋಡಿದರು. ಮೇಷ್ಟ್ರು ದವಡೆಯನ್ನು ಹಿಂದಕ್ಕೆ ಎಳೆದರು. ಅದು ಬರಲಿಲ್ಲ. ಹುಟ್ಟಿದಾಗಿನಿಂದ ಜಗಲಿಯಲ್ಲಿ ಕೂತದ್ದು ಒಂದು ದಿನ ಹೇಳಿದರೆ ಒಳಗೆ ಬರುತ್ತದೆಯೇ? ಕುತ್ತಿಗೆಯ ನರ ಉಬ್ಬಿದವು, ಕಿವಿಯ ಹತ್ತಿರ ಕಟಕ್ಕೆಂದಿತು. ಕೆಳಗಿನಿಂದ ಇಸ್ತ್ರಿಯ ಹಬೆ ಬುಸ್ಸೆಂದು ಬಂತು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ, ಈಗಾಗಲೇ ಜಾರಿಹೋಗಿದ್ದ ಅಕ್ಷರಗಳನ್ನು ಬಹಳ ಹೊತ್ತು ಒರೆಸಿದರು.

“ಇವತ್ತಿಗೆ ಇಷ್ಟು ಸಾಕು,” ಎಂದರು.

ಮನೆಯಲ್ಲಿ ಹೆಂಡತಿ ಏನೂ ಕೇಳಲಿಲ್ಲ. ಅದೇ ಕಷ್ಟವಾಯಿತು. “ನೀನು ಅಣ್ಣನಿಗೆ ಒಂದು ಮಾತು ಹೇಳಬಾರದಾ?” ಎಂದು ಮೇಷ್ಟ್ರೇ ಬಾಯಿಬಿಟ್ಟರು.

“ನಾನ್ಯಾಕೆ ಹೇಳಲಿ? ಅವಮಾನ ಮಾಡಿದ್ದು ನಾನಲ್ಲ.”

“ಅದು ತಿದ್ದಿದ್ದು ಕಣೇ, ಅವಮಾನ ಅಲ್ಲ.”

“ರೀ, ನಿಮ್ಮ ಮಗಳು ರಾತ್ರಿ ಹಗಲು ಕೂತು ಮಾಡಿದ ಕೆಲಸ. ಒಂದು ವರ್ಷ ಹೋಗುತ್ತೆ ಅವಳಿಗೆ. ಹೋದರೂ ಪರವಾಗಿಲ್ಲ, ನಿಮ್ಮ ಗತ್ತು ಉಳಿಬೇಕು ಅಂದ್ರೆ ಉಳಿಸ್ಕೊಳ್ಳಿ. ನಾನು ಅಡ್ಡ ಬರಲ್ಲ.”

ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡರು.

ಸೋಫಾದವನ ಅಂಗಡಿಯಲ್ಲಿ ಹೊಟ್ಟೆ ಬಗೆದ ಕುರ್ಚಿಗಳು, ಕಾಲು ಮೇಲಾಗಿ ಮಲಗಿದ ದಿವಾನುಗಳು, ಎಲ್ಲೆಲ್ಲೂ ತೆಂಗಿನ ನಾರು, ಸ್ಪ್ರಿಂಗು. ಅವನು ಬಾಯಿಯಲ್ಲಿ ಮೊಳೆಗಳನ್ನು ಕಚ್ಚಿಕೊಂಡು, ಒಂದೊಂದಾಗಿ ತೆಗೆದು ಬಟ್ಟೆಗೆ ಹೊಡೆಯುತ್ತಿದ್ದ. ಮೇಷ್ಟ್ರನ್ನು ನೋಡಿ ಸುತ್ತಿಗೆ ನಿಲ್ಲಿಸಲಿಲ್ಲ.

“ಏನಪ್ಪ, ವ್ಯಾಪಾರ ಹೇಗಿದೆ?” ಎಂದರು ಮೇಷ್ಟ್ರು.

“ಹ್ಮ್,” ಎಂದ ಮೊಳೆಯ ಬಾಯಿಯಿಂದ.

“ನಮ್ಮ ಮನೆ ಸೋಫಾ ಕೂಡ ಸ್ವಲ್ಪ ಕುಸಿದಿದೆ.”

ಅವನು ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿದ. “ಸೋಫಾಕ್ಕೆ ಬಂದಿದ್ರೆ ಅಳತೆ ಕೊಟ್ಟು ಹೋಗಿ. ಬೇರೆ ಏನಾದ್ರೂ ಇದ್ರೆ ಅದನ್ನ ಹೇಳಿ.”

ಮೇಷ್ಟ್ರು ಕೂರಲು ಜಾಗ ಹುಡುಕಿದರು. ಅಷ್ಟು ಕುರ್ಚಿಗಳಿದ್ದ ಅಂಗಡಿಯಲ್ಲಿ ಕೂರಲು ಬರುವಂಥದ್ದು ಒಂದೂ ಇರಲಿಲ್ಲ. ನಿಂತೇ ಹೇಳಿದರು. ಮಗಳ ಥೀಸಿಸ್, ಎರಡು ಗುಂಪು, ಶಿಷ್ಯರ ದವಡೆ. ಕೊನೆಯದನ್ನು ಹೇಳುವಾಗ ಸೋಫಾದವನ ಮುಖದಲ್ಲಿ ಏನೋ ಕುಣಿಯಿತು. ಅವನು ಬಗ್ಗಿ ಸುಮ್ಮನೆ ಒಂದು ಮೊಳೆ ಹೆಕ್ಕಿದ.

“ಊರೆಲ್ಲಾನಾ?” ಎಂದ.

“ಊರೆಲ್ಲಾ.”

“ಟ್ಯಾಕ್ಸಿಯವನೂ?”

“ಅವನದ್ದೇ ಎಲ್ಲರಿಗಿಂತ ಮುಂದೆ.”

ನಗು ಬಂದದ್ದು ಸೋಫಾದವನಿಗೆ, ತಡೆದುಕೊಂಡದ್ದೂ ಅವನೇ.

“ಭಾವ,” ಎಂದ. ಆ ಮಾತು ಅವನ ಬಾಯಿಂದ ಬಂದು ಎಷ್ಟೋ ಕಾಲವಾಗಿತ್ತು. “ಆವತ್ತಿನಿಂದ ನಾನು ನಾಲ್ಕು ಜನ ಇರೋ ಕಡೆ ನಮ್ಮ ಮಾತು ಆಡಿಲ್ಲ. ಮೊಮ್ಮಗ ಹುಟ್ಟಿದಾಗ ಅವನ ಕಿವೀಲಿ ಒಂದು ಮಾತು ಹೇಳೋಕೆ ಹೋದೆ. ‘ಈ’ ಬರೋ ಕಡೆ ನಾಲಿಗೆ ನಿಂತು ಹೋಯ್ತು. ನಮ್ಮಮ್ಮ ಹೇಳಿಕೊಟ್ಟ ಮಾತದು. ನಿಮ್ಮ ಕ್ಯಾಸೆಟ್ಟಿಂದಲ್ಲ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

“ನಾವೆಲ್ಲ ಬರ್ತೀವಿ. ಅವಳು ನಮ್ಮ ಮಗುವೇ. ಆದ್ರೆ ಒಂದು. ಆವತ್ತು ಎಲ್ಲರ ಮುಂದೆ ನಂದು ತಪ್ಪು ಅಂದ್ರಿ. ಈಗ ಎಲ್ಲರ ಮುಂದೆ ಸರಿ ಇತ್ತು ಅನ್ನಬೇಕು. ಅರಬ್ಬೀಲಿ.”

“ಅರಬ್ಬೀಲೇ ಆಗಬೇಕಾ? ಹಾಗೇ ಸುಮ್ಮನೆ—”

“ಅರಬ್ಬೀಲಿ.”

“ಫೋನಲ್ಲಿ ಒಂದು ಮೆಸೇಜ್—”

ಸೋಫಾದವನು ಮೊಳೆಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡ.

ಮುಂದಿನ ರಜೆಯ ದಿನ ಆಸ್ಪತ್ರೆಯ ಕೊನೆಯ ಮಹಡಿಯ ಕಾರಿಡಾರಿನಲ್ಲಿ ಹೆಂಡತಿಯ ಕಡೆಯವರೆಲ್ಲ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂತರು. ಒಳ್ಳೆಯ ಹಲ್ಲಿನ ವಂಶ. ನಕ್ಕರೆ ಕಾರಿಡಾರಿಗೆ ಬೆಳಕು. ಅತ್ತೆಯನ್ನೂ ಗಾಲಿಕುರ್ಚಿಯಲ್ಲಿ ತಂದಿದ್ದರು. ಆಕೆಯ ಬಾಯಿಯಲ್ಲಿ ಒಂದು ಹಲ್ಲೂ ಇರಲಿಲ್ಲ. ಕಟ್ಟಿಸಿಕೊಟ್ಟ ಸೆಟ್ಟನ್ನು ‘ಕಚ್ಚುತ್ತೆ’ ಎಂದು ಹಾಕಿಕೊಳ್ಳುತ್ತಿರಲಿಲ್ಲ. ಮೊಮ್ಮಗಳು ಬಾಯಿ ನೋಡಿ ಕೈ ಮುಗಿದಳು. “ಅಜ್ಜಿ, ಹಲ್ಲೇ ಇಲ್ಲದ ಮೇಲೆ ಸೊಟ್ಟವೂ ಅಲ್ಲ, ನೆಟ್ಟಗೂ ಅಲ್ಲ. ನಿಮ್ಮನ್ನ ಯಾವ ಗುಂಪಿಗೂ ಹಾಕೋಕಾಗಲ್ಲ.”

“ಭಾಷೆ ಕಲಿಸಿದವಳು ನಾನು,” ಎಂದು ಅತ್ತೆ ಗೊಣಗಿದಳು. “ನನ್ನೇ ಆಚೆ ಕೂರಿಸಿ.”

ಸೋಫಾದವನು ಮೇಷ್ಟ್ರನ್ನು ನೋಡಿದ. ಮೇಷ್ಟ್ರು ಎದ್ದು ನಿಂತರು. ನಿಂತ ಅಭ್ಯಾಸಬಲದಿಂದ ಎರಡು ಸಲ ಕೆಮ್ಮಿ, “ಭಾಷೆ ಎಂಬುದು ಒಂದು ಮಹಾಸಾಗರ,” ಎಂದು ಶುರುಮಾಡಿದರು. ಹೆಂಡತಿ ಹಿಂದಿನಿಂದ ಶರ್ಟು ಜಗ್ಗಿದಳು. ಸಾಗರ ಅಲ್ಲಿಗೇ ಬತ್ತಿತು.

ಹೇಳಬೇಕಾದದ್ದು ಪುಟ್ಟ ವಾಕ್ಯ. ಮೇಷ್ಟ್ರು ಅದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಉರುಹೊಡೆದಿದ್ದರು. ಆದರೆ ಬಾಯಿ ತೆರೆದಾಗ, ಮೊದಲ ಬಾರಿಗೆ, ಬಾಯಿಯೇ ನೆನಪಾಯಿತು. ದವಡೆ ಎಲ್ಲಿದೆ, ನಾಲಿಗೆ ಎಲ್ಲಿ ಬಿದ್ದಿದೆ, ‘ಈ’ ಎಂಬಲ್ಲಿ ಅದು ಎಲ್ಲಿಗೆ ಏರಬೇಕು. ಎದುರಿಗೆ ಅಷ್ಟು ಕಣ್ಣು, ಎಲ್ಲವೂ ಅವರ ಬಾಯಿಯ ಮೇಲೆ. ಈ ದೃಷ್ಟಿಯನ್ನು ಅವರು ಜೀವಮಾನವೆಲ್ಲ ಕೇಳಿ ಪಡೆದಿದ್ದರು. ಇಂದು ಅದು ಬಿಸಿ ಇಸ್ತ್ರಿಯಂತೆ ಮುಖಕ್ಕೆ ತಾಗಿತು. ದವಡೆಯನ್ನು ಒಳಗೆ ಎಳೆಯಲು ಒಮ್ಮೆ ನೋಡಿದರು. ಬಿಟ್ಟರು. ತಮ್ಮ ದವಡೆಯಲ್ಲೇ, ತಮ್ಮ ಚಪ್ಪಟೆ ಸ್ವರದಲ್ಲೇ ಹೇಳಿದರು: ಅಂದು ನೀನು ಹೇಳಿದ್ದು ಸರಿ ಇತ್ತು. ತಪ್ಪು ಕೇಳಿದ್ದು ನಾನು.

ಮಧ್ಯದಲ್ಲಿ ಬಂದ ‘ಈ’ ಅರ್ಧ ದಾರಿಯಲ್ಲೇ ಜಾರಿ ‘ಏ’ ಪಕ್ಕ ಹೋಗಿ ಬಿತ್ತು. ಅಷ್ಟೂ ಜನ ಕೇಳಿದರು. ಸೋಫಾದವನ ಪಕ್ಕ ಕೂತಿದ್ದ ಮೊಮ್ಮಗನೊಬ್ಬನ ಬಾಯಿ ತಿದ್ದಲು ತೆರೆದುಕೊಂಡಿತು. ಸೋಫಾದವನು ಅವನ ತೊಡೆಗೆ ಒಂದು ಕೊಟ್ಟ.

“ಕೇಳಿಸ್ತು ಭಾವ,” ಎಂದ. ಎದ್ದು, ಪ್ಯಾಂಟಿಗೆ ಅಂಟಿದ್ದ ನಾರು ಕೊಡವಿಕೊಂಡು, ಎಲ್ಲರಿಗಿಂತ ಮೊದಲು ಸ್ಪಂಜಿನ ಗೂಡಿಗೆ ಹೋದ. ಬಾಗಿಲು ಪೂರ್ತಿ ಮುಚ್ಚುವ ಮುಂಚೆ ಒಳಗಿನಿಂದ ಅವನ ‘ಈ’ ಕೇಳಿತು. ಮೊದಲು ಒಮ್ಮೆ ತಡವರಿಸಿತು, ಆಮೇಲೆ ದಾರದಂತೆ ನೇರವಾಗಿ, ತೆಳ್ಳಗೆ ಬಂತು. ಮಗಳು ಗಾಜಿನಾಚೆಯಿಂದ ಅಮ್ಮನಿಗೆ ಹೆಬ್ಬೆರಳು ತೋರಿಸಿದಳು.

ಒಬ್ಬರಾದ ಮೇಲೆ ಒಬ್ಬರು ಒಳಗೆ ಹೋದರು. ಕೊನೆಗೆ ಕಾರಿಡಾರಿನಲ್ಲಿ ಖಾಲಿ ಕುರ್ಚಿಗಳ ನಡುವೆ ಮೇಷ್ಟ್ರು ಮತ್ತು ಅತ್ತೆ ಇಬ್ಬರೇ ಉಳಿದರು. ಅತ್ತೆ ಅಳಿಯನ ಕಡೆ ಗಾಲಿಕುರ್ಚಿ ತಿರುಗಿಸಿಕೊಂಡಳು.

“ಏನ್ ಅಳಿಯಂದ್ರೇ, ನಮ್ಮಿಬ್ಬರನ್ನೇ ಹೊರಗೆ ಬಿಟ್ರಲ್ಲ. ನಮಗೆ ಅರಬ್ಬಿ ಬರಲ್ವಂತಾ?”

“ನಿಮ್ಮ ವಿಷಯ ಬೇರೆ ಅತ್ತೆ,” ಎಂದರು ಮೇಷ್ಟ್ರು, ಕಾಲರ್ ಸರಿಮಾಡಿಕೊಳ್ಳುತ್ತ. “ನಾನು ಆಗಲೇ ಒಳಗೆ ಹೋಗಿ ಬಂದಾಯ್ತು. ಸೊಟ್ಟ ಗುಂಪಿನಲ್ಲಿ. ಆ ಗುಂಪಿನಲ್ಲಿ ನಂದೇ ಮೊದಲನೇ ಹೆಸರು.”